ಕಾವಲಿನ ಹುಲ್ಲು, ಕಾವಲಿನ ಕಾಯಿದೆ

ತರೀಕೆರೆಯಿಂದ ನಮ್ಮ ವಾಚಕಿಯೊಬ್ಬರು ಬರೆದ ಕಾಗದವು ಕಳೆದ ತಿಂಗಳು ನಮ್ಮ ಕೈಸೇರಿತು. ಅವರ ಮನೆಯಲ್ಲಿ ಊಟದ ಹೊತ್ತಿಗೆ ಹುಟ್ಟಿದ ವಾದವೊಂದು ಹಲವು ದಿನಗಳಾದರೂ ಮುಗಿದಿಲ್ಲವಂತೆ. ಅವರ ಮಾವನವರು, ‘ದೇಶಕ್ಕೆ ಯುದ್ಧ ಬಂದಾಗ ಸರಕಾರದ ಕೈ ಕಟ್ಟಿಹಾಕಬಾರದು; ಅನುಮಾನ ಬಂದವನನ್ನು ಹಿಡಿದು ಒಳಗೆ ಕೂರಿಸಲಿ, ನಿರಪರಾಧಿಯಾದವನು ಹೇಗೂ ಹೊರಗೆ ಬರುತ್ತಾನೆ’ ಎನ್ನುತ್ತಾರೆ. ಕಾನೂನು ಓದುತ್ತಿರುವ ಮಗನು, ‘ಅಜ್ಜ, ಹೊರಗೆ ಬರುವ ಬಾಗಿಲನ್ನೇ ಆ ಕಾಯಿದೆ ಮುಚ್ಚುತ್ತದೆಯಲ್ಲ’ ಎನ್ನುತ್ತಾನೆ. ಇಬ್ಬರಿಗೂ ಬಡಿಸುತ್ತ ನಿಂತ ಆ ಸೋದರಿಯವರು ನಮ್ಮನ್ನು ಕೇಳುತ್ತಾರೆ: ಯಾರ ಮಾತು ಸರಿ? ಮನೆವಾರ್ತೆ ನೋಡಿಕೊಂಡಿರುವ ನಮಗೂ ಇಂಥ ಕಾಯಿದೆಗಳಿಗೂ ಏನು ಸಂಬಂಧ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುವುದು ನಮಗೆ ಸುಲಭವಾಗಿ ತೋರುತ್ತದೆ. ಆ ಸೋದರಿಯವರು ನ್ಯಾಯಬೆಲೆ ಅಂಗಡಿಗೆ ಒಯ್ಯುವ ಪಡಿತರ ಚೀಟಿಯು ಯುದ್ಧಕಾಲದ ಕಾಯಿದೆಯೊಂದರ ಸಂತಾನವೇ ಆಗಿದೆ. ಅವರ ಊರಿಗೆ ನೆರೆಯಾದ ಅಜ್ಜಂಪುರದ ಹುಲ್ಲುಗಾವಲುಗಳು ದಂಡಿನ ಅಗತ್ಯಕ್ಕಾಗಿ ಏರ್ಪಟ್ಟವು. ಯುದ್ಧದ ಕಟ್ಟಳೆಗಳು ನಮ್ಮ ಅಂಗಳಕ್ಕೆ ಎಂದೋ ಬಂದು, ಬಂದದ್ದೇ ಮರೆತುಹೋಗುವಷ್ಟು ಹಳೆಯ ನೆಂಟರಾಗಿವೆ. ಆದುದರಿಂದ ಅಜ್ಜಂಪುರದಿಂದಲೇ ಮೊದಲುಮಾಡೋಣ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅರಮನೆಗೆ ‘ಬೆಣ್ಣೆ ಚಾವಡಿ’ ಎಂಬ ದನದ ಇಲಾಖೆಯಿದ್ದಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದಕ್ಕೆಂದು ಇದ್ದ ಮಂದೆಗಳು ಹೈದರನ ಕೈಯಲ್ಲಿ ದಂಡಿನ ಮಂದೆಗಳಾದುವು. ಫಿರಂಗಿ ಎಳೆಯುವುದರಲ್ಲಿಯೂ ದಂಡಿನ ಸಾಮಾನು ಸಾಗಿಸುವುದರಲ್ಲಿಯೂ ಈ ತಳಿಯ ಎತ್ತುಗಳಿಗೆ ಸಮನಾದುವು ಬೇರೆಲ್ಲಿಯೂ ಇರಲಿಲ್ಲವೆಂದು ಆ ಕಾಲದ ಸೇನಾಧಿಪತಿಗಳು ಹೇಳುತ್ತಿದ್ದರು. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಗಳು ಇಂಗ್ಲಿಷರ ವಶಕ್ಕೆ ಹೋದುವು. ೧೮೬೦ರಲ್ಲಿ ಖರ್ಚು ಹೆಚ್ಚಾಯಿತೆಂದು ಅವನ್ನು ಮಾರಿಬಿಟ್ಟರು. ದಂಡಿಗೆ ಒಳ್ಳೆಯ ಎತ್ತು ದೊರೆಯದೆ ಪೇಚಾಡಿ ೧೮೬೬ರಲ್ಲಿ ಮತ್ತೆ ಕಟ್ಟಿದರು. ಈ ಮಂದೆಗಳ ಮೇವಿಗೆಂದು ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆಯಾಗಿ ವಿಂಗಡಿಸಿ ಕಾದಿಟ್ಟ ನೆಲಗಳೇ ಅಮೃತ ಮಹಲ್ ಕಾವಲುಗಳು. ಅಂದಿನ ಕಡೂರು ಜಿಲ್ಲೆಯ ಬಯಲುಸೀಮೆಯಲ್ಲಿ ಇಂಥ ಕಾವಲುಗಳು ಹೇರಳವಾಗಿದ್ದುವು.

ಫಿರಂಗಿಯನ್ನು ಎತ್ತು ಎಳೆಯುವ ಕಾಲವು ಎಂದೋ ಮುಗಿಯಿತು. ಕಾವಲುಗಳೇನೋ ಉಳಿದುವು. ಒಂದು ಕಡೆಯಿಂದ ನೋಡಿದರೆ ಇದರಿಂದ ಲಾಭವೇ ಆಯಿತೆನ್ನಬೇಕು: ನಾಡಿನ ಹೆಮ್ಮೆಯ ತಳಿಯು ಉಳಿದು, ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಅದರ ಸಾಕಣೆ ನಡೆಯುತ್ತಿದೆ. ಇನ್ನೊಂದು ಕಡೆಯಿಂದ ನೋಡಿದರೆ, ತನ್ನ ಊರಿನ ಮಗ್ಗುಲಲ್ಲೇ ಇರುವ ಹುಲ್ಲಿಗೆ ತನ್ನ ದನವನ್ನು ಬಿಡಲು ಹೆದರಿದ ರೈತನು ತಲೆಮಾರುಗಳ ಕಾಲ ಯಾವುದೋ ಮರೆತುಹೋದ ದಂಡಯಾತ್ರೆಗೆ ತೆರಿಗೆ ತೆತ್ತಂತೆಯೇ ಆಯಿತು. ‘ಕಾವಲು’ ಎಂಬ ಒಂದೇ ಮಾತು ನಮ್ಮ ನುಡಿಯಲ್ಲಿ ಕಾಯುವ ಕೆಲಸಕ್ಕೂ ಸಲ್ಲುತ್ತದೆ, ಯಾರೂ ಕಾಲಿಡಬಾರದೆಂದು ಕಾದಿಟ್ಟ ನೆಲಕ್ಕೂ ಸಲ್ಲುತ್ತದೆ. ಯುದ್ಧಕಾಲದ ಕಾಯಿದೆಗಳನ್ನು ಕುರಿತು ನಾವು ಹೇಳಬೇಕೆಂದಿರುವುದೂ ಇದೇ: ಅವು ಕಾಯುವುದಕ್ಕೆಂದು ಬರುತ್ತವೆ, ಕಾಯುವ ಕಾರಣ ತೀರಿದ ಮೇಲೆ ಬೇಲಿಯಾಗಿ ಉಳಿಯುತ್ತವೆ.

ಸಾಮಾನ್ಯ ಕಾಲದ ಕಾನೂನು ಹೇಗೆ ನಡೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಒಬ್ಬನು ಕಳವು ಮಾಡಿದನೆಂದು ದೂರು ಬಂದರೆ ಅವನನ್ನು ದಸ್ತಗಿರಿ ಮಾಡಿ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಆಪಾದನೆ ಏನೆಂದು ಹೇಳಬೇಕು, ಸಾಕ್ಷಿ ಬೇಕು, ವಕೀಲರ ಸವಾಲು ನಡೆಯಬೇಕು. ಯುದ್ಧಕಾಲದ ಬಂಧನದಲ್ಲಿ ಇದಾವುದೂ ಇಲ್ಲ. ಮಾಡಿದ್ದಕ್ಕಾಗಿ ಅಲ್ಲ, ಮುಂದೆ ಮಾಡಿಯಾನೆಂಬ ಶಂಕೆಗಾಗಿ ಹಿಡಿದಿಡುವುದು ಅದರ ಲಕ್ಷಣ. ನಾಳೆ ಹಿತ್ತಲಿನ ಹಲಸಿನ ಹಣ್ಣು ಕದ್ದಾನೆಂದು ನೆರೆಮನೆಯ ಹುಡುಗನನ್ನು ಇಂದೇ ಕೋಣೆಯಲ್ಲಿ ಕೂಡಿಹಾಕಿದಂತೆ. ಹುಡುಗನು ತಾನು ಕದಿಯುವವನಲ್ಲವೆಂದು ಹೇಗೆ ರುಜುವಾತು ಮಾಡಿಯಾನು? ನಡೆಯದೆ ಇದ್ದ ಸಂಗತಿಗೆ ಸಾಕ್ಷಿ ಎಲ್ಲಿಂದ ತಂದಾನು? ‘ನಿರಪರಾಧಿಯು ಹೇಗೂ ಹೊರಗೆ ಬರುತ್ತಾನೆ’ ಎಂಬ ಮಾವನವರ ಮಾತಿಗೆ ಇರುವ ತೊಡಕು ಇದು. ಅಪರಾಧವೇ ಇಲ್ಲದ ಕಡೆ ನಿರಪರಾಧವನ್ನು ತೋರಿಸುವ ಸ್ಥಳವೂ ಇರುವುದಿಲ್ಲ.

ಹಾಗೆಂದು ಮಾವನವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಯುದ್ಧವೆಂಬುದು ಮನೆಗೆ ಬೆಂಕಿ ಬಿದ್ದಂತೆ; ಆಗ ನೆರೆಯವರ ಬಾವಿಯಿಂದ ಅಪ್ಪಣೆ ಕೇಳದೆ ನೀರು ಸೇದುವವನನ್ನು ಯಾರೂ ಕಳ್ಳನೆನ್ನರು. ಸೈನ್ಯದ ರೈಲು ಯಾವ ಹೊತ್ತಿಗೆ ಬೀರೂರನ್ನು ದಾಟುತ್ತದೆಂಬುದನ್ನು ಪತ್ರಿಕೆಯಲ್ಲಿ ಅಚ್ಚುಮಾಡಬಾರದೆಂದರೆ ಅದನ್ನು ದಬ್ಬಾಳಿಕೆಯೆನ್ನಲಾಗದು. ಬೆಂಕಿ ಆರಿದ ಮೇಲೆ ಬಾವಿಯ ಹಗ್ಗವನ್ನು ಹಿಂದಿರುಗಿಸುವರೋ ಇಲ್ಲವೋ ಎಂಬುದರಲ್ಲಿ ನಮ್ಮ ಸಂದೇಹವಿದೆ. ಈ ವಿಷಯದಲ್ಲಿ ನಮ್ಮ ದೇಶದ ಲೆಕ್ಕದ ಪುಸ್ತಕವು ಅಷ್ಟು ಚೊಕ್ಕಟವಾಗಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಬ್ರಿಟಿಷ್ ಸರಕಾರವು ಭಾರತ ರಕ್ಷಣಾ ಕಾಯಿದೆಯನ್ನು ಮಾಡಿತು. ಯುದ್ಧ ಮುಗಿದು ಆರು ತಿಂಗಳಿಗೆ ಅದು ತೀರಬೇಕೆಂದು ಕಾಯಿದೆಯಲ್ಲಿಯೇ ಬರೆದಿದ್ದಿತು. ಆ ಯುದ್ಧಕ್ಕೆ ನಮ್ಮ ಮೈಸೂರೂ ತನ್ನ ಮಕ್ಕಳನ್ನು ಕಳುಹಿಸಿತು; ೧೯೧೮ರ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣವನ್ನು ಹಿಡಿದ ಕುದುರೆಪಡೆಗಳಲ್ಲಿ ಮೈಸೂರಿನ ಲ್ಯಾನ್ಸರುಗಳೂ ಇದ್ದರು. ಜಯ ದೊರೆಯಿತು, ಜನರು ಪ್ರತಿಫಲಕ್ಕಾಗಿ ಕಾದರು. ದೊರೆತದ್ದು ೧೯೧೯ರ ರೌಲತ್ ಕಾಯಿದೆ. ಯುದ್ಧಕಾಲದ ಅಧಿಕಾರವನ್ನು ಶಾಂತಿಕಾಲಕ್ಕೂ ಎಳೆದು ತಂದ ಆ ಕಾಯಿದೆಗೆ ಎದುರಾಗಿ ದೇಶವೆಲ್ಲ ಎದ್ದಿತು; ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದುದನ್ನು ಶಾಲೆಯ ಮಕ್ಕಳೂ ಬಲ್ಲರು.

ಎರಡನೆಯ ಮಹಾಯುದ್ಧದಲ್ಲಿ ತಡಮಾಡಲಿಲ್ಲ. ೧೯೩೯ರ ಸೆಪ್ಟೆಂಬರ್ ೩ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಭಾರತವು ಯುದ್ಧದಲ್ಲಿದೆಯೆಂದು ಸಾರಿದರು; ಅದೇ ದಿನ ರಕ್ಷಣಾ ಸುಗ್ರೀವಾಜ್ಞೆಯೂ ಹೊರಟಿತು; ತಿಂಗಳು ಮುಗಿಯುವುದರೊಳಗೆ ಅದು ಕಾಯಿದೆಯಾಯಿತು. ಅದರ ಅಡಿಯಲ್ಲಿ ಹೊರಟ ನಿಯಮಗಳು ಮನುಷ್ಯನ ಬಾಳಿನ ಯಾವ ಮೂಲೆಯನ್ನೂ ಬಿಡಲಿಲ್ಲ. ಒಂದು ನಿಯಮವು ಪತ್ರಿಕೆಗೆ, ಇನ್ನೊಂದು ಸಭೆ ಮೆರವಣಿಗೆಗಳಿಗೆ, ಮತ್ತೊಂದು ಧಾನ್ಯದ ಬೆಲೆಗೆ. ೨೬ನೆಯ ನಿಯಮವು ವಿಚಾರಣೆಯಿಲ್ಲದ ಬಂಧನಕ್ಕೆ. ಮೈಸೂರು ದೇಶೀಯ ಸಂಸ್ಥಾನವಾದುದರಿಂದ ಬ್ರಿಟಿಷ್ ಕಾಯಿದೆಯು ನೇರವಾಗಿ ಇಲ್ಲಿ ಸಲ್ಲುತ್ತಿರಲಿಲ್ಲ. ಆದರೂ ಸಂಸ್ಥಾನದ ಸರಕಾರವು ಆ ನಿಯಮಗಳನ್ನು ತನ್ನ ಎಲ್ಲೆಯೊಳಗೂ ಜಾರಿಗೆ ತಂದಿತು.

ಮನೆಯೊಳಗಣ ಹೆಂಗಸರಿಗೆ ಈ ಯುದ್ಧವು ತಿಳಿದುಬಂದದ್ದು ಅಕ್ಕಿಯ ಅಳತೆಯಲ್ಲಿ, ಸೀಮೆಎಣ್ಣೆಯ ಸೀಸೆಯಲ್ಲಿ, ಸಕ್ಕರೆಯ ಚೀಟಿಯಲ್ಲಿ. ಗಡಿಯಾರವೂ ಯುದ್ಧಕ್ಕೆ ಸೇರಿದ್ದಿತು. ೧೯೪೨ರ ಸೆಪ್ಟೆಂಬರ್ ೧ರಂದು ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಕೋಳಿ ಕೂಗುವುದೂ ಹಸು ಹಾಲು ಕೊಡುವುದೂ ಹಿಂದಿನ ಹೊತ್ತಿಗೇ ನಡೆಯುತ್ತಿದ್ದುವು. ಶಾಲೆ ಕಚೇರಿಗಳ ಗಂಟೆ ಮಾತ್ರ ಮುಂದೋಡುತ್ತಿದ್ದಿತು. ೧೯೪೫ರ ಅಕ್ಟೋಬರ್ ೧೫ರಂದು, ಜಪಾನು ಶರಣಾಗತವಾಗಿ ಎರಡು ತಿಂಗಳೊಳಗೆ, ಆ ಗಂಟೆಯನ್ನು ಜನಕ್ಕೆ ಹಿಂದಕ್ಕೆ ಕೊಟ್ಟರು. ಗಡಿಯಾರದಷ್ಟು ಪ್ರಾಮಾಣಿಕತೆಯನ್ನು ಕಾಯಿದೆಯು ತೋರಿಸಲಿಲ್ಲವೆಂದು ಮುಂದೆ ಹೇಳಬೇಕಾಗಿದೆ.

ಗಡಿಯಾರ ಮುಂದೋಡಿದ ಅದೇ ತಿಂಗಳಿನಲ್ಲಿ ನಮ್ಮ ನೆರೆಯ ಜಿಲ್ಲೆಯಲ್ಲಿ ಈಸೂರಿನ ಘಟನೆ ನಡೆಯಿತು. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು ಸ್ವತಂತ್ರರೆಂದು ಸಾರಿಕೊಂಡು, ಎಳೆಯ ಹುಡುಗರನ್ನೇ ತಮ್ಮ ಅಮಲ್ದಾರರೆಂದೂ ಸಬ್‌ಇನ್‌ಸ್ಪೆಕ್ಟರರೆಂದೂ ನೇಮಿಸಿಕೊಂಡಿದ್ದರು. ೧೯೪೨ರ ಸೆಪ್ಟೆಂಬರ್ ೨೮ರಂದು ಅಲ್ಲಿಗೆ ಹೋದ ಸರಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಗಲಭೆಯಲ್ಲಿ ಹತರಾದರು. ದಂಡು ಬಂದಿತು, ಹಳ್ಳಿಯವರು ಕಾಡು ಸೇರಿದರು, ೧೯೪೩ರ ಮಾರ್ಚಿ ತಿಂಗಳಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು, ಹೆಂಗಸರೂ ಶಿಕ್ಷೆಗೆ ಗುರಿಯಾದರು. ಇದನ್ನು ನಾವು ಇಲ್ಲಿ ಎತ್ತಿದ್ದು ಒಂದು ಭೇದವನ್ನು ತೋರಿಸುವುದಕ್ಕಾಗಿ. ಈಸೂರಿನವರ ತೀರ್ಪು ಎಷ್ಟೇ ಕಠೋರವೆಂದು ತೋರಿದರೂ, ಅವರ ಮೇಲೆ ಆಪಾದನೆಯಿದ್ದಿತು, ಮೊಕದ್ದಮೆ ನಡೆಯಿತು, ತೀರ್ಪನ್ನು ಇಂದಿಗೂ ಓದಿ ತಪ್ಪೆನ್ನಬಹುದು, ಸರಿಯೆನ್ನಬಹುದು. ೨೬ನೆಯ ನಿಯಮದಂತೆ ಒಳಗೆ ಹೋದವನ ವಿಷಯದಲ್ಲಿ ಓದುವುದಕ್ಕೆ ತೀರ್ಪೇ ಇಲ್ಲ. ಒಬ್ಬ ಅಧಿಕಾರಿಗೆ ‘ಮನವರಿಕೆಯಾಯಿತು’ ಎಂಬ ಒಂದು ಸಾಲು, ಅದರ ಕೆಳಗೊಂದು ರುಜು.

ಆ ಒಂದು ಸಾಲನ್ನು ಬೊಂಬಾಯಿಯ ಕೇಶವ ತಳಪದೆ ಎಂಬವರು ಫೆಡರಲ್ ಕೋರ್ಟಿನ ಮುಂದೆ ತಂದರು. ನ್ಯಾಯಯುತವಾದ ಶಂಕೆಯಿದ್ದವರನ್ನು ಮಾತ್ರ ಹಿಡಿಯುವ ನಿಯಮ ಮಾಡಬಹುದೆಂದು ಕಾಯಿದೆಯಲ್ಲಿದ್ದಿತು. ಸರಕಾರವು ಮಾಡಿದ ನಿಯಮದಲ್ಲಿ ಅಧಿಕಾರಿಯ ಮನವರಿಕೆಯೊಂದೇ ಸಾಕಾಗಿದ್ದಿತು. ಈ ನಿಯಮವು ಕಾಯಿದೆಯ ಎಲ್ಲೆಯನ್ನು ಮೀರಿದೆಯೆಂದು ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವಯರ್ ಅವರ ಪೀಠವು ೧೯೪೩ರ ಏಪ್ರಿಲ್ ೨೨ರಂದು ತೀರ್ಮಾನಿಸಿತು. ಯುದ್ಧದ ನಟ್ಟನಡುವೆ, ಸರಕಾರವೇ ನೇಮಿಸಿದ ನ್ಯಾಯಾಧೀಶರು ಕೊಟ್ಟ ತೀರ್ಪು ಇದು. ಇಂಗ್ಲೆಂಡಿನಲ್ಲಿ ಇದಕ್ಕೆ ಸುಮಾರು ಒಂದೂವರೆ ವರ್ಷ ಮುಂಚೆ ಇಂಥದೇ ಪ್ರಶ್ನೆ ಬಂದಾಗ ಐವರು ನ್ಯಾಯಾಧೀಶರಲ್ಲಿ ಲಾರ್ಡ್ ಅಟ್ಕಿನ್ ಒಬ್ಬರೇ ಬಂಧಿತನ ಪರವಾಗಿ ನಿಂತಿದ್ದರು. ಆದರೆ ನಮ್ಮ ಸಂತೋಷವು ಹೆಚ್ಚು ದಿನ ಬಾಳಲಿಲ್ಲ. ಒಂದು ವಾರ ಕಳೆಯುವುದರೊಳಗೆ ಹೊಸ ಸುಗ್ರೀವಾಜ್ಞೆ ಹೊರಟು, ಕಾಯಿದೆಯನ್ನೇ ಹಿಂದಿನ ದಿನಾಂಕದಿಂದ ತಿದ್ದಿ, ತಪ್ಪಾದ ಬಂಧನಗಳನ್ನೆಲ್ಲ ಸರಿಯಾದುವೆಂದು ಮಾಡಿತು. ಬಟ್ಟೆ ಮೈಗೆ ಹೊಂದದಿದ್ದರೆ ಮೈಯನ್ನೇ ಕತ್ತರಿಸಿದ ಹಾಗಾಯಿತು.

೧೯೪೬ರ ಸೆಪ್ಟೆಂಬರ್ ೩೦ರಂದು ರಕ್ಷಣಾ ಕಾಯಿದೆಯು ತೀರಿತು. ಮರುದಿನದಿಂದಲೇ ಧಾನ್ಯ ಬಟ್ಟೆಗಳ ಹತೋಟಿಗೆ ‘ತಾತ್ಕಾಲಿಕ ಅಧಿಕಾರಗಳ’ ಕಟ್ಟಳೆಯೊಂದು ಬಂದಿತು. ಆ ತಾತ್ಕಾಲಿಕವು ಎಂಟು ವರ್ಷಕ್ಕೂ ಹೆಚ್ಚು ಕಾಲ ಬದುಕಿ, ೧೯೫೫ರಲ್ಲಿ ಅಗತ್ಯ ವಸ್ತುಗಳ ಕಾಯಿದೆಯೆಂಬ ಹೆಸರಿನಿಂದ ಖಾಯಂ ಆಯಿತು. ಪಡಿತರದ ಪದ್ಧತಿಯು ಹುಟ್ಟಿದ್ದು ಹೀಗೆ. ಬಡವರ ಒಲೆ ಉರಿಯುವಂತೆ ಮಾಡಿದ ಈ ಆಸ್ತಿಯನ್ನು ಬೇಡವೆನ್ನುವಷ್ಟು ಶುದ್ಧ ತಾರ್ಕಿಕರು ನಾವಲ್ಲ. ಆದರೆ ಅದೇ ಮನೆಯಿಂದ ಬಂದ ಇನ್ನೊಂದು ಮಗುವೂ ಇದೆ. ೧೯೪೨ರ ಆಗಸ್ಟ್ ೧೫ರಂದು, ಚಲೇಜಾವ್ ಚಳವಳಿಯನ್ನು ಅಡಗಿಸುವುದಕ್ಕಾಗಿ, ಸೈನ್ಯಕ್ಕೆ ವಿಶೇಷ ಅಧಿಕಾರ ಕೊಡುವ ಸುಗ್ರೀವಾಜ್ಞೆ ಹೊರಟಿದ್ದಿತು. ಸ್ವತಂತ್ರ ಭಾರತವು ೧೯೫೮ರಲ್ಲಿ ಅದನ್ನೇ ಮಾದರಿಯಾಗಿಟ್ಟುಕೊಂಡು ಈಶಾನ್ಯದ ಬೆಟ್ಟದ ಸೀಮೆಗೆ ಕಾಯಿದೆ ಮಾಡಿತು. ಆ ಸೀಮೆಯ ಕೆಲವು ಭಾಗಗಳಲ್ಲಿ ಅದು ಇನ್ನೂ ನಡೆಯುತ್ತಿದೆ. ತಮ್ಮನ್ನು ಸೆರೆಗೆ ತಳ್ಳಿದ ಆಯುಧಗಳನ್ನು ಸ್ವಾತಂತ್ರ್ಯಯೋಧರು ಅಧಿಕಾರಕ್ಕೆ ಬಂದ ಮೇಲೆ ಒಂದೊಂದನ್ನಾಗಿ ಮುರಿದುಹಾಕಿದರೆಂದು ಬರೆಯಲು ನಮಗೂ ಆಸೆಯಿದ್ದಿತು.

ಮುರಿಯಲಿಲ್ಲ. ೧೯೫೦ರಲ್ಲಿ, ಸಂವಿಧಾನವು ಜಾರಿಗೆ ಬಂದ ಒಂದು ತಿಂಗಳಿನಲ್ಲಿ, ಮುನ್ನೆಚ್ಚರಿಕೆಯ ಬಂಧನದ ಕಾಯಿದೆಯು ಒಂದು ವರ್ಷದ ಮಟ್ಟಿಗೆಂದು ಬಂದಿತು. ಮತ್ತೆ ಮತ್ತೆ ಆಯುಸ್ಸು ಪಡೆದು ೧೯೬೯ರವರೆಗೆ ಉಳಿಯಿತು. ಚೀನದ ಯುದ್ಧವನ್ನು ನೋಡಿರಿ. ೧೯೬೨ರ ಅಕ್ಟೋಬರ್ ೨೬ರಂದು ತುರ್ತುಪರಿಸ್ಥಿತಿಯ ಘೋಷಣೆ. ನವೆಂಬರ್ ೨೧ಕ್ಕೆ ಕದನವಿರಾಮ. ಸುಮಾರು ಒಂದೇ ತಿಂಗಳು ನಡೆದ ಈ ಯುದ್ಧದ ತುರ್ತುಪರಿಸ್ಥಿತಿಯು ತೆರವಾದದ್ದು ೧೯೬೮ರ ಜನವರಿ ೧೦ರಂದು. ಆ ಕಾಲದಲ್ಲಿ ಅಸ್ಸಾಮು, ಬಂಗಾಳಗಳ ಕಡೆ ತಲೆಮಾರುಗಳಿಂದ ನೆಲಸಿದ್ದ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು, ಹೆಂಗಸರು ಮಕ್ಕಳೆನ್ನದೆ, ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಿದರು. ಬಡಗಿಗಳು, ಚಮ್ಮಾರರು, ಹೋಟೆಲು ನಡೆಸುವವರು. ಶತ್ರುವಿನ ಮುಖಚಹರೆ ಇದ್ದುದೇ ಅವರಲ್ಲಿ ಅನೇಕರ ತಪ್ಪು.

ಅದೇ ಘೋಷಣೆಯು ಇನ್ನೂ ನಡೆಯುತ್ತಿದ್ದಾಗ ೧೯೬೫ರಲ್ಲಿ ಬಿಹಾರದಲ್ಲಿ ಡಾ. ರಾಮಮನೋಹರ ಲೋಹಿಯಾ ಅವರನ್ನು ರಕ್ಷಣಾ ನಿಯಮದಂತೆ ಬಂಧಿಸಿದರು. ತರೀಕೆರೆಯ ಮೇಲೆ ಹಾದು ಶಿವಮೊಗ್ಗದ ಕಡೆಗೆ ಹೋಗುವ ರೈಲಿನ ದಾರಿಯಲ್ಲಿ ಈ ಹೆಸರು ಹೊಸದಲ್ಲ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಸಾಗರದಲ್ಲಿ ದಸ್ತಗಿರಿಯಾದವರು ಅವರೇ. ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಊರಿನ ಸಾಮಾನ್ಯ ಶಿಸ್ತು ಕೆಡುವುದು ಬೇರೆ, ಇಡೀ ಸಮಾಜದ ನೆಮ್ಮದಿ ಕೆಡುವುದು ಬೇರೆ, ದೇಶದ ಭದ್ರತೆಗೇ ಕುತ್ತು ಬರುವುದು ಬೇರೆ. ಒಂದರೊಳಗೊಂದು ಬರೆದ ಮೂರು ವೃತ್ತಗಳಂತೆ ಇವನ್ನು ಭಾವಿಸಬೇಕೆಂದು ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ವಿವರಿಸಿದರು. ಸಂತೆಯ ಜಗಳವನ್ನು ಗಡಿಯ ಯುದ್ಧವೆಂದು ಕರೆಯಬಾರದೆಂಬುದು ಅದರ ತಾತ್ಪರ್ಯ.

೧೯೭೧ರದು ಇನ್ನೂ ವಿಚಿತ್ರ. ಡಿಸೆಂಬರ್ ೩ರಂದು ಪಾಕಿಸ್ತಾನದೊಡನೆ ಯುದ್ಧವಾಗಿ ತುರ್ತುಪರಿಸ್ಥಿತಿ ಬಂದಿತು. ಹದಿಮೂರು ದಿನಗಳಲ್ಲಿ ಢಾಕಾ ಬಿದ್ದಿತು. ಸಿಹಿ ಹಂಚಿದ ಮನೆಗಳವರಾರಿಗೂ ತುರ್ತುಪರಿಸ್ಥಿತಿಯು ಹಾಗೆಯೇ ಉಳಿದಿದೆಯೆಂಬ ನೆನಪಿರಲಿಲ್ಲ. ನಾಲ್ಕು ಮಳೆಗಾಲಗಳು ಹೋದುವು. ೧೯೭೫ರ ಜೂನ್ ೨೫ರ ರಾತ್ರಿ ‘ಆಂತರಿಕ ಗಲಭೆ’ಯ ಹೆಸರಿನಲ್ಲಿ ಎರಡನೆಯ ಘೋಷಣೆ ಬಂದಾಗ, ಮೊದಲನೆಯದು ಇನ್ನೂ ಜೀವಂತವಾಗಿದ್ದಿತು, ಅದರ ರಕ್ಷಣಾ ನಿಯಮಗಳೂ, ಅದೇ ವರ್ಷ ಬಂದಿದ್ದ ‘ಮೀಸಾ’ ಕಾಯಿದೆಯೂ ಸಿದ್ಧವಾಗಿ ಕುಳಿತಿದ್ದುವು. ಹೊಸದಾಗಿ ಆಯುಧ ಮಾಡಿಸುವ ತೊಂದರೆಯೇ ಇರಲಿಲ್ಲ. ಷಾ ಆಯೋಗದ ಎಣಿಕೆಯಂತೆ ಮೀಸಾದ ಕೆಳಗೆ ೩೪,೯೮೮ ಜನರೂ, ರಕ್ಷಣಾ ನಿಯಮಗಳ ಕೆಳಗೆ ೭೫,೮೧೮ ಜನರೂ ಬಂಧಿತರಾದರು. ಯಾವ ಯುದ್ಧವೂ ಇರಲಿಲ್ಲ.

ಆ ರಾತ್ರಿ ಕಳೆದ ಬೆಳಗ್ಗೆ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ದಸ್ತಗಿರಿ ಮಾಡಿದರು. ಅವರು ಕರ್ನಾಟಕದ ಹೈಕೋರ್ಟಿಗೆ ಅರ್ಜಿ ಹಾಕಿದರು. ಇಂಥ ಅರ್ಜಿಯನ್ನು ವಿಚಾರಿಸುವ ಅಧಿಕಾರ ತಮಗುಂಟೆಂದು ಹೇಳಿದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಆ ಕೋರ್ಟಿನ ನ್ಯಾಯಮೂರ್ತಿ ಡಿ. ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ, ನ್ಯಾಯಮೂರ್ತಿ ಸದಾನಂದಸ್ವಾಮಿಯವರನ್ನು ಗೌಹಾತಿ‌ಗೂ ೧೯೭೬ರಲ್ಲಿ ವರ್ಗ ಮಾಡಿದರು. ಸುಪ್ರೀಂ ಕೋರ್ಟು ೧೯೭೬ರ ಏಪ್ರಿಲ್ ೨೮ರಂದು, ಜಬಲ್ಪುರದ ಮೊಕದ್ದಮೆಯೆಂದು ಹೆಸರಾದ ತೀರ್ಪಿನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂಧಿತನು ನ್ಯಾಯಸ್ಥಾನದ ಬಾಗಿಲನ್ನು ತಟ್ಟುವ ಹಕ್ಕೇ ಇಲ್ಲವೆಂದಿತು. ಒಬ್ಬನ ಪ್ರಾಣವನ್ನೇ ಅಕ್ರಮವಾಗಿ ತೆಗೆದರೂ ಆಗ ಪರಿಹಾರವಿಲ್ಲವೆಂಬುದನ್ನು ಸರಕಾರದ ವಕೀಲರು ವಾದದ ನಡುವೆ ಒಪ್ಪಿಕೊಂಡಿದ್ದರು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಬೇರೆ ಬರೆದರು. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನವು ಅವರನ್ನು ಬಿಟ್ಟು ಅವರಿಗಿಂತ ಕಿರಿಯರಿಗೆ ಹೋಯಿತು.

‘ಹೊರಗೆ ಬರುವ ಬಾಗಿಲನ್ನೇ ಮುಚ್ಚುತ್ತದೆ’ ಎಂಬ ಆ ವಿದ್ಯಾರ್ಥಿಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಬಾಗಿಲಿನ ಒಳಗಿದ್ದವರಲ್ಲಿ ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರೂ ಒಬ್ಬರು. ಗೂರಲು ರೋಗವಿದ್ದ ಆಕೆಯನ್ನು ೧೯೭೬ರ ಮೇ ತಿಂಗಳಿನಿಂದ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲಿಟ್ಟಿದ್ದರು. ೧೯೭೭ರ ಜನವರಿಯಲ್ಲಿ, ದೇಹಸ್ಥಿತಿ ತೀರ ಕೆಟ್ಟ ಮೇಲೆ, ಬಿಟ್ಟರು. ಬಿಟ್ಟ ಕೆಲವೇ ದಿನಗಳಲ್ಲಿ, ಅದೇ ತಿಂಗಳ ೨೦ರಂದು, ಆಕೆ ತೀರಿಕೊಂಡರು. ಮಾವನವರು ಹೇಳುವ ನಿರಪರಾಧಿಯು ಹೊರಗೆ ಬರುವುದೇನೋ ಉಂಟು.

ಇಲ್ಲಿ ಕಡೂರು ತರೀಕೆರೆಗಳ ವಾಚಕರು ನಮ್ಮನ್ನು ತಡೆದು ಒಂದು ಮಾತು ಕೇಳಿಯಾರು. ಕೇಳದಿದ್ದರೂ ನಾವೇ ಹೇಳುವುದು ನ್ಯಾಯ. ೧೯೭೭ರ ಚುನಾವಣೆಯಲ್ಲಿ ಉತ್ತರದ ಹಲವು ಸೀಮೆಗಳಲ್ಲಿ ಒಂದು ಸ್ಥಾನವೂ ದೊರೆಯದ ಕಾಂಗ್ರೆಸ್ಸಿಗೆ ಕರ್ನಾಟಕದ ೨೮ ಸ್ಥಾನಗಳಲ್ಲಿ ೨೬ ದೊರೆತುವು. ೧೯೭೮ರ ನವೆಂಬರಿನಲ್ಲಿ ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ, ಕಡೂರು ತರೀಕೆರೆಗಳೂ ಸೇರಿದ್ದ ಆ ಕ್ಷೇತ್ರದಲ್ಲಿ, ಶ್ರೀಮತಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಜನರು ಮರೆತರು, ಮೋಸಹೋದರು ಎಂದು ದೂರದ ಪತ್ರಿಕೆಗಳು ಬರೆದುವು. ನಮಗೆ ಹಾಗೆ ತೋರುವುದಿಲ್ಲ. ಸೆರೆಮನೆ ಕಂಡವರು ನಮ್ಮ ಹಳ್ಳಿಗಳಲ್ಲಿ ಕೆಲವರು. ದೇವರಾಜ ಅರಸರ ಭೂಸುಧಾರಣೆಯಿಂದ ಉಳುವ ನೆಲಕ್ಕೆ ಒಡೆಯರಾದವರು ಅನೇಕರು. ತನ್ನ ಮನೆಗೆ ಅನ್ನ ಬಂದ ಕಾಲವನ್ನು ಕತ್ತಲೆಯ ಕಾಲವೆಂದು ಕರೆಯೆಂದರೆ ಯಾವ ಗೃಹಿಣಿಗೂ ಮನಸ್ಸು ಬಾರದು. ಆದರೆ ಒಂದು ತಾರೀಖನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: ಗೇಣಿಯನ್ನು ತೆಗೆದುಹಾಕಿದ ತಿದ್ದುಪಡಿಯು ಜಾರಿಗೆ ಬಂದದ್ದು ೧೯೭೪ರ ಮಾರ್ಚ್ ೧ರಂದು, ತುರ್ತುಪರಿಸ್ಥಿತಿಗೆ ಒಂದು ವರ್ಷಕ್ಕೂ ಮೊದಲು, ವಿರೋಧಪಕ್ಷದವರೂ ಎದ್ದು ಮಾತನಾಡಬಹುದಾಗಿದ್ದ ಶಾಸನಸಭೆಯಲ್ಲಿ. ನೆಲ ಕೊಡುವುದಕ್ಕೆ ಯಾರನ್ನೂ ವಿಚಾರಣೆಯಿಲ್ಲದೆ ಒಳಗೆ ಹಾಕಬೇಕಾಗಿರಲಿಲ್ಲ.

ಮೀಸಾ ಹೋಯಿತು. ೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿಯು ‘ಆಂತರಿಕ ಗಲಭೆ’ ಎಂಬ ಸಡಿಲ ಮಾತನ್ನು ಕಿತ್ತು ‘ಸಶಸ್ತ್ರ ದಂಗೆ’ ಎಂದು ಇರಿಸಿತು. ಯಾವ ತುರ್ತಿನಲ್ಲಿಯೂ ಪ್ರಾಣ ಮತ್ತು ದೇಹಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಸ್ಥಾನಕ್ಕೆ ಹೋಗುವುದನ್ನು ತಡೆಯಲಾಗದಂತೆ ಮಾಡಿತು. ಜಬಲ್ಪುರದ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ೨೦೧೭ರಲ್ಲಿ ತಪ್ಪೆಂದು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ತಂದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಳೆಯ ತೀರ್ಪಿನ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡರ ಮಾತನ್ನು ಅವರ ಮಗ ಡಿ. ವೈ. ಚಂದ್ರಚೂಡರೇ ತಿದ್ದಿ ಬರೆದರು. ಇಷ್ಟೆಲ್ಲ ಆದ ಮೇಲೂ ೧೯೮೦ರಲ್ಲಿ ಬಂದ ರಾಷ್ಟ್ರೀಯ ಭದ್ರತಾ ಕಾಯಿದೆಯು ಇಂದಿಗೂ ಇದೆ. ಇದಕ್ಕೆ ಯುದ್ಧವೂ ಬೇಡ, ತುರ್ತುಪರಿಸ್ಥಿತಿಯೂ ಬೇಡ. ಮುಗಿಯುವ ದಿನವನ್ನೂ ಇದರಲ್ಲಿ ಬರೆದಿಲ್ಲ. ಒಬ್ಬನನ್ನು ಹನ್ನೆರಡು ತಿಂಗಳವರೆಗೆ ಇದರಂತೆ ಇಟ್ಟುಕೊಳ್ಳಬಹುದು.

ಕಾಗದ ಬರೆದ ಸೋದರಿಯವರು ವಾದದ ತೀರ್ಪನ್ನು ಕೇಳಿದ್ದರೇ ಹೊರತು ಉಪಾಯವನ್ನು ಕೇಳಲಿಲ್ಲ. ಆದರೂ ಮನೆಯಲ್ಲಿ ಯಾರಾದರೊಬ್ಬರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಸಾಮಾನ್ಯ ಅಪರಾಧಕ್ಕಾಗಿ ದಸ್ತಗಿರಿಯಾದವನನ್ನು, ದಾರಿಯ ಪ್ರಯಾಣದ ಹೊತ್ತನ್ನು ಬಿಟ್ಟು, ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಭದ್ರತಾ ಕಾಯಿದೆಯಂತೆ ಹಿಡಿದವನಿಗೆ ಈ ಅನುಕೂಲವಿಲ್ಲ. ಆದರೆ ಬಂಧನದ ಕಾರಣಗಳನ್ನು ಸಾಮಾನ್ಯವಾಗಿ ಐದು ದಿನಗಳೊಳಗೆ ಅವನಿಗೆ ತಿಳಿಸಬೇಕು, ಅವನು ಮನವಿ ಬರೆದುಕೊಳ್ಳಲು ಅವಕಾಶ ಕೊಡಬೇಕು, ಮೂರು ವಾರಗಳೊಳಗೆ ಸಂಗತಿಯನ್ನು ಸಲಹಾ ಮಂಡಲಿಯ ಮುಂದಿಡಬೇಕು. ಆ ಮಂಡಲಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಬಂಧಿತನಿಗಿಲ್ಲ. ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದನ್ನು ಯಾರೂ ತಡೆಯಲಾರರು, ತಾಯಿಯೋ ಹೆಂಡತಿಯೋ ಅವನ ಪರವಾಗಿ ಹಾಕಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯತಕ್ಕದ್ದು. ಅಡಿಗೆಮನೆಯ ಗೋಡೆಯ ಮೇಲೆ ವೈದ್ಯರ ನಂಬರನ್ನು ಬರೆದಿಟ್ಟ ಕಡೆ ಈ ಸಮಿತಿಯ ನಂಬರನ್ನೂ ಬರೆದಿಟ್ಟರೆ ಹೆಚ್ಚು ಜಾಗ ಹಿಡಿಯುವುದಿಲ್ಲ.

ಇನ್ನು ಅಜ್ಜ ಮೊಮ್ಮಗರ ವಾದ. ಯುದ್ಧ ಬಂದಾಗ ಸರಕಾರಕ್ಕೆ ಅಧಿಕಾರ ಬೇಕೆಂಬುದರಲ್ಲಿ ಅಜ್ಜನಿಗೆ ನಮ್ಮ ಸಮ್ಮತಿಯಿದೆ. ನಿರಪರಾಧಿಯು ತಾನಾಗಿ ಹೊರಗೆ ಬರುತ್ತಾನೆಂಬುದರಲ್ಲಿ ಮೊಮ್ಮಗನಿಗೆ. ಅವರಿಬ್ಬರೂ ಊಟ ಮುಗಿಸಿ ಕುಳಿತಾಗ ಸೋದರಿಯವರು ಇನ್ನೊಂದು ವಿಷಯವನ್ನು ಅವರ ಮುಂದಿಡಬಹುದು. ನಲವತ್ತನಾಲ್ಕನೆಯ ತಿದ್ದುಪಡಿಯಲ್ಲಿಯೇ ಮೂರನೆಯ ಕಲಮೊಂದಿದೆ. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಇಟ್ಟುಕೊಳ್ಳಬಹುದಾದ ಅವಧಿಯನ್ನು ಅದು ಮೂರು ತಿಂಗಳಿನಿಂದ ಎರಡು ತಿಂಗಳಿಗೆ ಇಳಿಸಿ, ಮಂಡಲಿಯ ಅಧ್ಯಕ್ಷರು ಹೈಕೋರ್ಟಿನಲ್ಲಿ ಕೆಲಸಮಾಡುತ್ತಿರುವ ನ್ಯಾಯಾಧೀಶರೇ ಆಗಿರಬೇಕೆಂದು ಹೇಳುತ್ತದೆ. ಪಾರ್ಲಿಮೆಂಟು ಅದನ್ನು ೧೯೭೮ರಲ್ಲಿ ಒಪ್ಪಿತು, ರಾಷ್ಟ್ರಪತಿಯವರ ಅಂಕಿತವೂ ಬಿದ್ದಿತು. ಯಾವ ದಿನದಿಂದ ಜಾರಿಗೆ ಬರಬೇಕೆಂಬುದನ್ನು ಗೊತ್ತುಮಾಡುವ ಕೆಲಸವನ್ನು ಸರಕಾರಕ್ಕೆ ಬಿಟ್ಟರು. ಅಲ್ಲಿಂದೀಚೆಗೆ ಎಲ್ಲ ಬಣ್ಣದ ಪಕ್ಷಗಳೂ ದಿಲ್ಲಿಯಲ್ಲಿ ಅಧಿಕಾರ ನಡೆಸಿವೆ. ಆ ಕಲಮಿನ ದಿನಾಂಕವನ್ನು ಗೆಜೆಟಿನಲ್ಲಿ ಅಚ್ಚುಮಾಡಿದವರು ಒಬ್ಬರೂ ಇಲ್ಲ.